ದೇಶ ಬಿಟ್ಟವರಿಗೆ ಬಾಗಿಲು, ಕೆಲಸ ಬಿಟ್ಟವರಿಗೆ ಬೀಗ

1952ರ ನೌಕರರ ಭವಿಷ್ಯ ನಿಧಿ ಯೋಜನೆಯ 69ನೇ ಪರಿಚ್ಛೇದದಲ್ಲಿ ಒಂದು ಪುಟ್ಟ ಸಾಲಿದೆ. ಸದಸ್ಯನೊಬ್ಬ ಶಾಶ್ವತವಾಗಿ ನೆಲೆಸಲೆಂದೋ ಉದ್ಯೋಗಕ್ಕೆಂದೋ ಭಾರತವನ್ನು ಬಿಟ್ಟು ಹೊರಟರೆ, ಹೊರಡುವ ಮುನ್ನವೇ ತನ್ನ ಖಾತೆಯ ಪೂರ್ತಿ ಹಣವನ್ನು ಪಡೆಯಬಹುದು ಎಂದು ಅದು ಹೇಳುತ್ತದೆ. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಆ ಸಾಲಿನ ಫಲಾನುಭವಿಗಳು. ಬೆಂಗಳೂರಿನ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕಾರು ವರ್ಷ ದುಡಿದು, ಪಾಸ್‌ಪೋರ್ಟಿನ ಮೇಲೆ ವೀಸಾ ಮುದ್ರೆ ಬಿದ್ದ ಮೇಲೆ ಅರ್ಜಿ ತುಂಬಿ, ವಿಮಾನದ ಟಿಕೆಟ್ಟಿಗೋ ಹೊಸ ಊರಿನ ಮೊದಲ ತಿಂಗಳ ಬಾಡಿಗೆಗೋ ಆ ಹಣವನ್ನು ಬಳಸಿಕೊಂಡವರು. ಮುಪ್ಪಿಗೆಂದು ಕೂಡಿಟ್ಟ ದುಡ್ಡನ್ನು ಹರೆಯದಲ್ಲೇ ಕರಗಿಸುತ್ತಿದ್ದೀಯಲ್ಲ ಎಂದು ಆಗ ಅವರನ್ನು ಯಾರೂ ಗದರಲಿಲ್ಲ. ಆರ್ಥಿಕ ಸಾಕ್ಷರತೆಯ ಪಾಠವನ್ನೂ ಯಾರೂ ಹೇಳಲಿಲ್ಲ.

ಗದರಿಕೆಯನ್ನು ಬೇರೆಯವರಿಗೆ ಮೀಸಲಿಡಲಾಗಿದೆ. 2025ರ ಅಕ್ಟೋಬರ್ 13ರಂದು ಭವಿಷ್ಯ ನಿಧಿ ಸಂಘಟನೆಯ ಕೇಂದ್ರ ಟ್ರಸ್ಟಿಗಳ ಮಂಡಳಿ ಕೈಗೊಂಡ ತೀರ್ಮಾನಗಳನ್ನು ಓದಿದರೆ ಅದು ಯಾರಿಗೆ ಎಂಬುದು ತಿಳಿಯುತ್ತದೆ. ಕೆಲಸ ಹೋದವರು ಖಾತೆಯ ಲೆಕ್ಕವನ್ನು ಪೂರ್ತಿ ಚುಕ್ತಾ ಮಾಡಿಕೊಳ್ಳಲು ಮೊದಲು ಎರಡು ತಿಂಗಳು ಕಾಯಬೇಕಿತ್ತು. ಆ ಅವಧಿಯನ್ನು ಹನ್ನೆರಡು ತಿಂಗಳಿಗೆ ಏರಿಸಲು ಮಂಡಳಿ ನಿರ್ಧರಿಸಿತು. ಪಿಂಚಣಿಯ ಪಾಲನ್ನು ಹಿಂಪಡೆಯುವ ಅವಧಿಯನ್ನು ಎರಡು ತಿಂಗಳಿಂದ ಮೂವತ್ತಾರು ತಿಂಗಳಿಗೆ ಒಯ್ದಿತು. ಖಾತೆಯಲ್ಲಿ ಶೇ. 25ರಷ್ಟು ಹಣ ಸದಾ ಉಳಿದಿರಬೇಕು ಎಂದಿತು. ಅಸಮಾಧಾನದ ಕೂಗೆದ್ದಾಗ ಕಾರ್ಮಿಕ ಸಚಿವಾಲಯ ಸ್ಪಷ್ಟನೆ ಕೊಟ್ಟಿತು: ಶೇ. 75ರಷ್ಟನ್ನು ಕೆಲಸ ಹೋದ ಕೂಡಲೇ ತೆಗೆಯಬಹುದು, ಉಳಿದದ್ದಕ್ಕೆ ಮಾತ್ರ ವರ್ಷ ಕಾಯಬೇಕು. ಕಾಯದೆ ಪೂರ್ತಿ ಹಣ ಪಡೆಯಬಲ್ಲವರ ಪಟ್ಟಿಯನ್ನೂ ಅದು ನೀಡಿತು. 55 ದಾಟಿ ನಿವೃತ್ತರಾದವರು, ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದವರು, ಮಾಲೀಕರೇ ಕಾನೂನಿನ ಪ್ರಕಾರ ಕೆಲಸದಿಂದ ತೆಗೆದವರು, ಸ್ವಯಂ ನಿವೃತ್ತಿ ಪಡೆದವರು ಮತ್ತು ಭಾರತವನ್ನು ಶಾಶ್ವತವಾಗಿ ತೊರೆದವರು.

ಕೆಲಸ ಬಿಟ್ಟವರು ಆ ಪಟ್ಟಿಯಲ್ಲಿಲ್ಲ. ದೇಶ ಬಿಟ್ಟವರಿದ್ದಾರೆ.

ಇದನ್ನು ಬರಿಯ ತಾಂತ್ರಿಕ ವ್ಯತ್ಯಾಸವೆಂದು ತಳ್ಳಿಹಾಕುವವರಿದ್ದಾರೆ. ವಿದೇಶಕ್ಕೆ ಹೋದವನು ಭಾರತದ ವ್ಯವಸ್ಥೆಗೆ ಮರಳುವುದಿಲ್ಲ, ಕೆಲಸ ಬಿಟ್ಟವಳು ಮತ್ತೊಂದು ಕೆಲಸಕ್ಕೆ ಸೇರಿಕೊಳ್ಳುತ್ತಾಳೆ, ಆದ್ದರಿಂದ ಅವಳ ಹಣ ಅಲ್ಲೇ ಇದ್ದರೆ ಅವಳಿಗೇ ಒಳ್ಳೆಯದು ಎಂಬುದು ಅವರ ವಾದ. ಕೇಳಲು ಸೊಗಸಾಗಿದೆ. ಒಂದು ಕೆಲಸಕ್ಕೂ ಮುಂದಿನ ಕೆಲಸಕ್ಕೂ ನಡುವಿನ ತಿಂಗಳುಗಳಲ್ಲಿ ಆ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಯನ್ನು ಬೆಂಗಳೂರಿನ ಹೆಂಗಸರು ಒಮ್ಮೆ ಬೀದಿಯಲ್ಲಿ ನಿಂತು ಕೇಳಿದ್ದರು. ಅದನ್ನು ಹೇಳುವ ಮುನ್ನ ಭವಿಷ್ಯ ನಿಧಿಯ ಲೆಕ್ಕವನ್ನು ಒಮ್ಮೆ ಬಿಡಿಸಿಟ್ಟುಕೊಳ್ಳುವುದು ಒಳಿತು. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಆ ಅಕ್ಷರಗಳನ್ನು ಕಂಡವರಲ್ಲೂ ಅನೇಕರಿಗೆ ಹಣ ಎಲ್ಲಿಗೆ ಹೋಗುತ್ತದೆಂದು ತಿಳಿದಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ 1952ರ ಕಾಯ್ದೆ ಅನ್ವಯಿಸುತ್ತ ಬಂದಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ರೂಪಾಯಿ ಪಡೆಯುವ ಟೈಲರ್ ಒಬ್ಬಳಿದ್ದಾಳೆ ಎಂದಿಟ್ಟುಕೊಂಡರೆ, ಅವಳ ಸಂಬಳದಿಂದ ಶೇ. 12, ಅಂದರೆ 1,440 ರೂಪಾಯಿ ಮುರಿದುಕೊಳ್ಳಲಾಗುತ್ತದೆ. ಮಾಲೀಕನೂ ಅಷ್ಟೇ ಹಾಕಬೇಕು. ಆದರೆ ಮಾಲೀಕನ 1,440ರಲ್ಲಿ ಶೇ. 8.33ರ ಪಾಲು, ಸುಮಾರು 1,000 ರೂಪಾಯಿ, 1995ರ ಪಿಂಚಣಿ ಯೋಜನೆಯ ಸಾಮೂಹಿಕ ಬೊಕ್ಕಸಕ್ಕೆ ಹೋಗುತ್ತದೆ. ಮಿಕ್ಕ ಶೇ. 3.67, ಅಂದರೆ 440 ರೂಪಾಯಿ ಮಾತ್ರ ಅವಳ ಖಾತೆಗೆ ಬೀಳುತ್ತದೆ. ಖಾತೆಯಲ್ಲಿರುವುದಕ್ಕೆ ಪ್ರತಿವರ್ಷ ಬಡ್ಡಿ ಸೇರುತ್ತದೆ. 2023–24ರಲ್ಲಿ ಅದು ಶೇ. 8.25. ಪಿಂಚಣಿಗೆ ಹೋದ 1,000ಕ್ಕೆ ಅವಳ ಹೆಸರಿನಲ್ಲಿ ಬಡ್ಡಿ ಬೆಳೆಯುವುದಿಲ್ಲ.

‘ಮಾಲೀಕನ ಪಾಲು’ ಎಂಬ ಮಾತೇ ಒಂದು ಮರೆ. ಈ ವಿಷಯವನ್ನು ಸಾಫ್ಟ್‌ವೇರ್ ನೌಕರರಿಗೆ ವಿವರಿಸಬೇಕಾಗಿಲ್ಲ. ಅವರ ನೇಮಕಾತಿ ಪತ್ರದಲ್ಲಿ ವಾರ್ಷಿಕ ಒಟ್ಟು ವೆಚ್ಚ ಎಂದು ದೊಡ್ಡ ಸಂಖ್ಯೆಯೊಂದನ್ನು ಬರೆದು, ಅದರೊಳಗೇ ಮಾಲೀಕನ ಭವಿಷ್ಯ ನಿಧಿಯ ಪಾಲನ್ನೂ ಸೇರಿಸಿರುತ್ತಾರೆ. ಎಡಗೈಯ ಪಾಲೂ ಬಲಗೈಯ ಪಾಲೂ ದುಡಿದವನ ಕೂಲಿಯಿಂದಲೇ ಬರುತ್ತವೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅದನ್ನು ಹಾಗೆ ಬರೆದು ತೋರಿಸುವುದಿಲ್ಲ, ಅಷ್ಟೇ. ಒಂದು ಅಂಗಿಗೆ ತಗಲುವ ಕೂಲಿಯ ವೆಚ್ಚವನ್ನು ಲೆಕ್ಕ ಹಾಕುವಾಗ ರಫ್ತುದಾರ ಆ ಶೇ. 12ನ್ನು ಕೂಲಿಯೊಳಗೇ ಹಿಡಿದಿರುತ್ತಾನೆ. ಹೀಗಿರುವಾಗ ಆ ಹಣಕ್ಕೆ ಸರಿಯಾದ ಹೆಸರು ಒಂದೇ: ತಡೆಹಿಡಿದ ಸಂಬಳ. ಕಾನೂನು ಕೂಡ ಇದನ್ನು ಒಂದು ಬಗೆಯಲ್ಲಿ ಒಪ್ಪಿತ್ತು. 1952ರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಸಾಲಗಾರನಾಗಲಿ, ಸಾಲಗಾರನ ಪರವಾಗಿ ನ್ಯಾಯಾಲಯವಾಗಲಿ ಆ ನಿಧಿಯನ್ನು ಜಪ್ತಿ ಮಾಡುವಂತಿಲ್ಲ. ಬೇರೆ ಯಾರೂ ಕೈ ಹಾಕಬಾರದಷ್ಟು ಅವಳದಾದ ಹಣ, ಅವಳು ಕೈ ಹಾಕುವ ಹೊತ್ತಿಗೆ ಮಾತ್ರ ‘ರಾಷ್ಟ್ರದ ಉಳಿತಾಯ’ವಾಗಿಬಿಡುತ್ತದೆ.

2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಅಧಿಸೂಚನೆಯೊಂದನ್ನು ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿಯನ್ನು ಮಾತ್ರ ತೆಗೆಯಬಹುದು. ಮಾಲೀಕನ ಪಾಲಿಗೆ 58 ತುಂಬುವವರೆಗೆ ಕಾಯಬೇಕು ಎಂಬುದು ಅದರ ತಿರುಳು. ಅದೇ ತಿಂಗಳ 29ರಂದು ಹಣಕಾಸು ಸಚಿವ ಅರುಣ್ ಜೇಟ್ಲಿ ಮಂಡಿಸಿದ ಬಜೆಟ್ಟಿನಲ್ಲಿ ಭವಿಷ್ಯ ನಿಧಿಗೆ ಸಂಬಂಧಿಸಿದ ಇನ್ನೊಂದು ಪ್ರಸ್ತಾಪವಿತ್ತು: ಮುಂದೆ ಜಮೆಯಾಗುವ ಹಣವನ್ನು ಹಿಂಪಡೆಯುವಾಗ ಅದರ ಶೇ. 60ರಷ್ಟಕ್ಕೆ ತೆರಿಗೆ. ಈ ಎರಡನೆಯದು ಸಂಬಳದಾರ ಮಧ್ಯಮ ವರ್ಗವನ್ನು ಕೆಣಕಿತು. ಆನ್‌ಲೈನ್ ಮನವಿಗಳು ಹುಟ್ಟಿಕೊಂಡವು, ಟೆಲಿವಿಷನ್ ಚರ್ಚೆಗಳು ನಡೆದವು, ಪತ್ರಿಕೆಗಳು ಸಂಪಾದಕೀಯ ಬರೆದವು. ಮಾರ್ಚ್ 8ರಂದು ಸಚಿವರು ಸಂಸತ್ತಿನಲ್ಲಿ ನಿಂತು ಪ್ರಸ್ತಾಪವನ್ನು ಹಿಂದಕ್ಕೆ ಪಡೆದರು. ಯಾರ ತಲೆಯೂ ಒಡೆಯಲಿಲ್ಲ, ಒಂದು ಬಸ್ಸೂ ನಿಲ್ಲಲಿಲ್ಲ.

ಫೆಬ್ರವರಿ 10ರ ಅಧಿಸೂಚನೆ ಹಾಗೆಯೇ ಉಳಿಯಿತು. ಅದರಿಂದ ಪೆಟ್ಟು ತಿನ್ನುವವರಿಗೆ ಮನವಿ ಬರೆಯುವ ಅಭ್ಯಾಸವಿರಲಿಲ್ಲ, ಬರೆದರೆ ಓದುವವರೂ ಇರಲಿಲ್ಲ. ಸುದ್ದಿ ಗಾರ್ಮೆಂಟ್ಸ್‌ಗಳ ಲೈನುಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಹೆಂಗಸರು ಇಳಿದರು. ಮರುದಿನ ತುಮಕೂರು ರಸ್ತೆ, ಮೈಸೂರು ರಸ್ತೆಗಳೂ ನಿಂತವು. ಸಾವಿರಾರು ಸಂಖ್ಯೆಯ ಆ ಗುಂಪನ್ನು ಯಾವ ಕಾರ್ಮಿಕ ಸಂಘವೂ ಕರೆದಿರಲಿಲ್ಲ. ಸಂಘದ ನಾಯಕರು ಸುದ್ದಿ ತಿಳಿದು ಹಿಂದೆ ಓಡಿಬಂದವರು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿಯ ಪೊಲೀಸ್ ಠಾಣೆಯ ಮುಂದೆ ವಾಹನಗಳು ಉರಿದವು. ಏಪ್ರಿಲ್ 19ರಂದು ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ಅಧಿಸೂಚನೆಯನ್ನು ಜುಲೈ 31ರವರೆಗೆ ತಡೆಹಿಡಿಯುವುದಾಗಿ ಹೇಳಿದರು. ಕೆಲವೇ ಗಂಟೆಗಳಲ್ಲಿ ಅದನ್ನು ರದ್ದುಪಡಿಸಿದ್ದಾಗಿ ಘೋಷಿಸಿದರು. ಬೆಂಗಳೂರಿನ ಕೂಲಿ ಹೆಂಗಸರು ಎರಡು ದಿನದಲ್ಲಿ ದಿಲ್ಲಿಯ ಅಧಿಸೂಚನೆಯೊಂದನ್ನು ಹರಿದು ಹಾಕಿದ್ದರು. ಕರ್ನಾಟಕದ ಕಾರ್ಮಿಕ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ. ಅದನ್ನು ಇಂದಿಗೂ ‘ಗಲಭೆ’ ಎಂದು ಕರೆಯುವವರೇ ಹೆಚ್ಚು.

ಆಗ ಕೇಳಿಬಂದ ವಿವರಣೆಗಳನ್ನು ನೆನಪಿಸಿಕೊಳ್ಳಬೇಕು. ಹೆಂಗಸರಿಗೆ ವಿಷಯ ಅರ್ಥವಾಗಿಲ್ಲ ಎಂದರು. ಪೂರ್ತಿ ಹಣಕ್ಕೆ ಬೀಗ ಬಿತ್ತೆಂಬ ವದಂತಿಯನ್ನು ನಂಬಿದರು ಎಂದರು. ಹೊರಗಿನವರ ಕೈವಾಡ ಎಂದರು. ಕೆಲವರು ಪೂರ್ತಿ ಹಣವೇ ಹೋಯಿತೆಂದು ನಂಬಿದ್ದಿರಬಹುದು. ಆದರೆ ಮೇಲಿನ ಲೆಕ್ಕವನ್ನೇ ಮತ್ತೆ ನೋಡಿದರೆ, ಬೀಗ ಬಿದ್ದದ್ದು ಖಾತೆಗೆ ಬೀಳುವ 1,880ರಲ್ಲಿ 440ಕ್ಕೆ, ಅಂದರೆ ಸುಮಾರು ಶೇ. 23ಕ್ಕೆ. ಒಂಬತ್ತು ವರ್ಷದ ಬಳಿಕ ಟ್ರಸ್ಟಿಗಳ ಮಂಡಳಿ ತಡೆಹಿಡಿಯಲು ನಿರ್ಧರಿಸಿದ್ದು ಶೇ. 25. ಅಂದು 58 ವಯಸ್ಸಿನವರೆಗೆ ಇದ್ದದ್ದು ಈ ಬಾರಿ ಒಂದು ವರ್ಷಕ್ಕೆ ಇಳಿದಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದು ಸಣ್ಣ ವ್ಯತ್ಯಾಸವೂ ಅಲ್ಲ. ಹಾಗಿದ್ದರೂ ಅಂದು ಬೀದಿಯಲ್ಲಿ ಸೋತ ಆಲೋಚನೆ ಸುಮಾರು ಅದೇ ಪ್ರಮಾಣ ಹಿಡಿದು, ‘ಸರಳೀಕರಣ’ ಎಂಬ ಹೆಸರಿನಲ್ಲಿ ಮರಳಿ ಬಂದಿದೆ ಎಂಬುದೂ ಅಷ್ಟೇ ನಿಜ.

ಗಾರ್ಮೆಂಟ್ಸ್‌ನ ಹೆಂಗಸರು ಭವಿಷ್ಯ ನಿಧಿಯನ್ನು ಪದೇ ಪದೇ ಬಿಡಿಸಿಕೊಳ್ಳುತ್ತಾರೆ ಎಂಬುದು ಯಾರೂ ಅಲ್ಲಗಳೆಯದ ಸಂಗತಿ. ಕೆಲವು ವರ್ಷ ದುಡಿದು ರಾಜೀನಾಮೆ ಕೊಡುತ್ತಾರೆ, ಹಣ ಕೈಗೆ ಬಂದ ಮೇಲೆ ಪಕ್ಕದ ಕಾರ್ಖಾನೆಗೆ, ಒಮ್ಮೊಮ್ಮೆ ಅದೇ ಕಾರ್ಖಾನೆಗೆ, ಹೊಸ ಟೋಕನ್ ನಂಬರಿನೊಂದಿಗೆ ಸೇರುತ್ತಾರೆ. ಇದನ್ನು ದೂರದೃಷ್ಟಿಯ ಕೊರತೆ ಎನ್ನುವವರು ಆ ಸಂಬಳದಲ್ಲಿ ಒಂದು ವರ್ಷ ಬೆಂಗಳೂರಿನಲ್ಲಿ ಬದುಕಿ ನೋಡಬೇಕು. ಮಗಳ ಕಾಲೇಜಿನ ಶುಲ್ಕ, ಗಂಡನ ಆಸ್ಪತ್ರೆ ಬಿಲ್ಲು, ಮನೆ ಬದಲಿಸುವಾಗಿನ ಮುಂಗಡ, ಮೀಟರ್ ಬಡ್ಡಿಗೆ ತಂದ ಕೈಸಾಲ; ಇವು ಯಾವುದನ್ನೂ ತಿಂಗಳ ಸಂಬಳದಿಂದ ತೀರಿಸಲಾಗದು. ಕೂಡಿಟ್ಟ ದೊಡ್ಡ ಮೊತ್ತವೆಂದರೆ ಅವಳ ಪಾಲಿಗೆ ಪಿಎಫ್ ಒಂದೇ. ಅದನ್ನು ಪೂರ್ತಿಯಾಗಿ ಕೈಗೆ ಪಡೆಯುವ ದಾರಿಯೂ ಅವಳಿಗೆ ಸಾಮಾನ್ಯವಾಗಿ ಒಂದೇ, ಕೆಲಸ ಬಿಡುವುದು. ಸಾಲ ತೀರಿಸಲು ಕೆಲಸವನ್ನೇ ಬಿಡಬೇಕಾದ ವಿಚಿತ್ರ ಬದುಕನ್ನು ಅವಳು ಆರಿಸಿಕೊಂಡದ್ದಲ್ಲ.

ಕೆಲಸ ಅವಳನ್ನು ಬಿಡುವುದೂ ಉಂಟು. ವಿದೇಶದ ಖರೀದಿದಾರರ ಆರ್ಡರ್ ತಗ್ಗಿದಾಗ, ಕಾರ್ಖಾನೆ ಅಗ್ಗದ ಕೂಲಿ ಹುಡುಕಿಕೊಂಡು ಊರಾಚೆಗೆ ಹೊರಟಾಗ, ಅವಳನ್ನು ಕಾನೂನಿನ ಪ್ರಕಾರ ತೆಗೆದುಹಾಕುವ ಮಾಲೀಕ ಅಪರೂಪ. ಹಾಗೆ ಮಾಡಿದರೆ ನೋಟಿಸು ಕೊಡಬೇಕು, ಪರಿಹಾರ ತೆರಬೇಕು. ಅದಕ್ಕಿಂತ ಸುಲಭದ ಹಾದಿಯಿದೆ: ಟಾರ್ಗೆಟ್ ಏರಿಸುವುದು, ದೂರದ ಘಟಕಕ್ಕೆ ವರ್ಗ ಮಾಡುವುದು, ಸೂಪರ್‌ವೈಸರ್‌ನ ಬಾಯಿಗೆ ಬಿಡುವುದು. ಅವಳೇ ರಾಜೀನಾಮೆ ಬರೆದುಕೊಡುತ್ತಾಳೆ. ಕಾಗದದ ಮೇಲೆ ಅದು ಸ್ವಇಚ್ಛೆ. ಸಚಿವಾಲಯದ ಪಟ್ಟಿಯಲ್ಲಿ ಮಾಲೀಕರೇ ತೆಗೆದುಹಾಕಿದವರಿಗೆ ವಿನಾಯಿತಿ ಇರುವುದರಿಂದ ಬಡವರಿಗೆ ಏನೂ ತೊಂದರೆಯಿಲ್ಲ ಎನ್ನುವವರಿಗೆ ಈ ರಾಜೀನಾಮೆ ಪತ್ರದ ಕಥೆ ಗೊತ್ತಿದ್ದಂತಿಲ್ಲ. ಅವಳ ಖಾತೆಯ ಕಾಲುಭಾಗ ವರ್ಷವಿಡೀ ಬೀಗದೊಳಗಿರುತ್ತದೋ ಇಲ್ಲವೋ ಎಂಬುದು ಆ ಪತ್ರದಲ್ಲಿ ಯಾವ ಕಾರಣ ಬರೆಸಿಕೊಳ್ಳಲಾಯಿತು ಎಂಬುದರ ಮೇಲೆ ನಿಂತಿದೆ, ಬರೆಸಿಕೊಳ್ಳುವವನು ಎಚ್.ಆರ್. ಕಚೇರಿಯವನು.

ಅನಿವಾಸಿ ಕನ್ನಡಿಗರ ಹರಟೆಯಲ್ಲಿ ಈ ವಿಷಯ ಬಂದಾಗ ಒಂದು ಉತ್ತರ ಸಿದ್ಧವಾಗಿರುತ್ತದೆ. ಅಮೆರಿಕದ 401(ಕೆ) ಖಾತೆಯನ್ನೂ ಐವತ್ತೊಂಬತ್ತೂವರೆ ವಯಸ್ಸಿಗೆ ಮುನ್ನ ಮುಟ್ಟಿದರೆ ಸಾಮಾನ್ಯವಾಗಿ ಶೇ. 10ರ ದಂಡವಿದೆ, ಮುಂದುವರಿದ ದೇಶಗಳಲ್ಲಿ ಶಿಸ್ತು ಹೀಗೆಯೇ ಬರುವುದು ಎಂದು. ಹೋಲಿಕೆಯನ್ನು ಅರ್ಧಕ್ಕೇ ನಿಲ್ಲಿಸುವುದರಲ್ಲಿ ಈ ಉತ್ತರದ ಜಾಣತನವಿದೆ. ಅಮೆರಿಕದಲ್ಲಿ ಮಾಲೀಕರ ಮೇಲಿನ ತೆರಿಗೆಯಿಂದ ನಡೆಯುವ ನಿರುದ್ಯೋಗ ವಿಮೆ ಪ್ರತಿ ರಾಜ್ಯದಲ್ಲೂ ಪ್ರತ್ಯೇಕವಾಗಿ ಇದೆ. ಜರ್ಮನಿಯಲ್ಲಿ ಕೆಲಸ ಹೋದವರಿಗೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67 ಸಿಗುತ್ತದೆ. ಅಲ್ಲಿ ಮುಪ್ಪಿನ ಹಣಕ್ಕೆ ಬೀಗ ಹಾಕುವ ಮೊದಲು ನಿರುದ್ಯೋಗಕ್ಕೆ ಬೇರೊಂದು ಬಾಗಿಲು ತೆರೆದಿದ್ದಾರೆ. ಭಾರತದಲ್ಲಿ ಇಎಸ್‌ಐ ವ್ಯಾಪ್ತಿಯವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯೊಂದಿದೆ. ಬದುಕಿನಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ, ಸರಾಸರಿ ಸಂಬಳದ ಅರ್ಧ. ಸಂವಿಧಾನದ 41ನೇ ವಿಧಿ ನಿರುದ್ಯೋಗದಲ್ಲೂ ಮುಪ್ಪಿನಲ್ಲೂ ಸಾರ್ವಜನಿಕ ನೆರವು ನೀಡಬೇಕೆಂದು ಪ್ರಭುತ್ವಕ್ಕೆ ಹೇಳುತ್ತದೆ. ಮುಪ್ಪಿನ ನೆರವನ್ನೂ ನಿರುದ್ಯೋಗದ ನೆರವನ್ನೂ ಕೂಲಿಕಾರಳ ಒಂದೇ ಗಂಟಿನಿಂದ ತೆಗೆಯಿರಿ ಎಂದು ಆ ವಿಧಿಯಲ್ಲಿ ಬರೆದಿಲ್ಲ.

ಪ್ರಭುತ್ವಕ್ಕೆ ಇದು ತಿಳಿಯದ್ದಲ್ಲ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಮೊದಲ ವಾರದಲ್ಲೇ ಹೊರಬಿದ್ದ ಪರಿಹಾರ ಯಾವುದು? ಭವಿಷ್ಯ ನಿಧಿಯ ಶೇ. 75 ಅಥವಾ ಮೂರು ತಿಂಗಳ ಸಂಬಳ, ಯಾವುದು ಕಡಿಮೆಯೋ ಅಷ್ಟನ್ನು ಮುಂಗಡವಾಗಿ ತೆಗೆದುಕೊಳ್ಳಿ ಎಂಬ ಅನುಮತಿ. ಬಳಿಕ ಮೇ, ಜೂನ್, ಜುಲೈ ತಿಂಗಳ ವಂತಿಗೆಯನ್ನು ಎರಡೂ ಕಡೆ ಶೇ. 12ರಿಂದ 10ಕ್ಕೆ ಇಳಿಸಿ, ಅದನ್ನೂ ಆತ್ಮನಿರ್ಭರ ಪ್ಯಾಕೇಜಿನ ಲಕ್ಷ ಕೋಟಿಗಳ ಲೆಕ್ಕಕ್ಕೆ ಸೇರಿಸಿದರು. ಅಂದರೆ ಕಾರ್ಮಿಕರ ಸಂಬಳವನ್ನೇ ಅವರಿಗೆ ಮರಳಿ ಕೊಟ್ಟು, ಅದರಲ್ಲೂ ಮಾಲೀಕರ ಪಾಲಿನ ಶೇ. 2ನ್ನು ಕಡಿತಗೊಳಿಸಿ, ಅದನ್ನು ಸರ್ಕಾರದ ನೆರವೆಂದು ಎಣಿಸಲಾಯಿತು. ಬಿಕ್ಕಟ್ಟು ಸರ್ಕಾರಕ್ಕೆ ಬಂದಾಗ ಭವಿಷ್ಯ ನಿಧಿ ನಿರುದ್ಯೋಗ ವಿಮೆಯಾಯಿತು. ಬಿಕ್ಕಟ್ಟು ಹೆಬ್ಬಗೋಡಿಯ ಒಂದು ಮನೆಗೆ ಬಂದರೆ ಅದು ಮುಪ್ಪಿನ ಉಳಿತಾಯ.

ಬೀಗದ ಪರವಾಗಿರುವ ವಾದಗಳಲ್ಲಿ ಒಂದನ್ನು ಮಾತ್ರ ಗಂಭೀರವಾಗಿ ಪರಿಗಣಿಸಬೇಕು. ಹೀಗೆ ಬಿಡಿಸಿಕೊಳ್ಳುತ್ತ ಹೋದರೆ 58ರ ಹೊತ್ತಿಗೆ ಆ ಹೆಂಗಸಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಪಿಂಚಣಿಯ ಪಾಲನ್ನೂ ಹಿಂಪಡೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷ ತುಂಬುವುದೇ ಇಲ್ಲ. ಈ ಆತಂಕ ನಿಜವಾದದ್ದು. ಕಣ್ಣು ಮಂಜಾಗಿ, ಬೆನ್ನು ಬಾಗಿ, ನಲವತ್ತೈದಕ್ಕೇ ಮಷಿನ್ನಿನಿಂದ ಎದ್ದುಹೋಗುವ ಹೆಂಗಸರ ಮುಪ್ಪು ಹೇಗೆ ಸಾಗುತ್ತದೆ ಎಂಬುದು ಕಾರ್ಮಿಕ ಚಳವಳಿಯೂ ಸಾಕಷ್ಟು ಕೇಳಿಕೊಳ್ಳದ ಪ್ರಶ್ನೆ. ಆದರೆ ಆತಂಕಪಡುವವರು ಮುಂದಿನ ಹೆಜ್ಜೆಯನ್ನೂ ಇಡಬೇಕಲ್ಲ. ಬೀಗವನ್ನು ಒಪ್ಪಿ, ಹಿಂಪಡೆಯದೆ, ಕಾದು ಕುಳಿತವಳಿಗೆ ಈ ವ್ಯವಸ್ಥೆ ಕೊಡುವುದೇನು?

ಪಿಂಚಣಿಯ ಸೂತ್ರ ಹೀಗಿದೆ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 12,000ದ ವೇತನದಲ್ಲಿ 15 ವರ್ಷ ದುಡಿದವಳಿಗೆ ತಿಂಗಳಿಗೆ 2,571 ರೂಪಾಯಿ. ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 2014ರ ಸೆಪ್ಟೆಂಬರ್ 1ರಿಂದ 15,000ದ ಮಿತಿ ಇದೆ. ಆ ಮಿತಿ ಹತ್ತು ವರ್ಷ ಕಳೆದರೂ ಕದಲಲಿಲ್ಲ. ಹೀಗಾಗಿ ಆ ಮಿತಿಯೊಳಗೆ, ಬೋನಸ್ ವರ್ಷಗಳೂ ಸೇರಿ 35 ವರ್ಷದ ಸೇವೆ ಎಂದು ಎಣಿಸಿದರೂ ದೊರೆಯುವುದು 7,500. ಈ ಮೊತ್ತಕ್ಕೆ ತುಟ್ಟಿಭತ್ಯೆ ಇಲ್ಲ. ಬೇಳೆಯ ದರ ಏರಿದಂತೆ ಸರ್ಕಾರಿ ನೌಕರರ ಪಿಂಚಣಿ ಏರುತ್ತದೆ, ಇದು ಏರುವುದಿಲ್ಲ. ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಅದಕ್ಕೆ ಮುಂಚೆಯೇ, 2013ರಲ್ಲಿ, ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ 3,000 ಕೊಡಿ ಎಂದು ಶಿಫಾರಸು ಮಾಡಿತ್ತು. ಕೋಶಿಯಾರಿ ಯಾವ ಎಡಪಕ್ಷದವರೂ ಅಲ್ಲ, ಭಾರತೀಯ ಜನತಾ ಪಕ್ಷದವರು. ಆ ಪಕ್ಷ ಅಧಿಕಾರಕ್ಕೆ ಬಂದು ಹತ್ತು ವರ್ಷ ತುಂಬಿದರೂ ಕನಿಷ್ಠ ಪಿಂಚಣಿ 1,000ದಲ್ಲೇ ನಿಂತಿತ್ತು. ವೃದ್ಧ ಪಿಂಚಣಿದಾರರು 7,500 ಮತ್ತು ತುಟ್ಟಿಭತ್ಯೆ ಬೇಕೆಂದು ಊರೂರುಗಳಲ್ಲಿ ಧರಣಿ ಕೂತರು.

ಹತ್ತು ವರ್ಷ ತುಂಬದೆ ಬಿಡುವವರ ಪಾಡು ಇನ್ನೂ ಸ್ವಾರಸ್ಯವಾಗಿದೆ. ಅವರಿಗೆ ಪಿಂಚಣಿಯ ಬದಲು ಒಂದು ಕೋಷ್ಟಕದ ಪ್ರಕಾರ ಇಡಿಗಂಟು ಸಿಗುತ್ತದೆ. ಒಂಬತ್ತು ವರ್ಷದ ಸೇವೆಗೆ ಆ ಕೋಷ್ಟಕ ಹೇಳುವ ಗುಣಕ 9.88. ವೇತನ ಉದ್ದಕ್ಕೂ 12,000ವೇ ಇತ್ತೆಂದುಕೊಂಡರೆ ಕೈಗೆ ಬರುವುದು 1,18,560 ರೂಪಾಯಿ. ಅವಳ ಹೆಸರಿನಲ್ಲಿ ಪಿಂಚಣಿ ನಿಧಿಗೆ ಹೋದದ್ದು ಎಷ್ಟು? ತಿಂಗಳಿಗೆ ಸುಮಾರು 1,000ದಂತೆ 108 ತಿಂಗಳಿಗೆ 1,08,000, ಜೊತೆಗೆ ಕೇಂದ್ರ ಸರ್ಕಾರ ಹಾಕುವ ಶೇ. 1.16ರ ಪಾಲು ಸುಮಾರು 15,000. ಎರಡೂ ಸೇರಿ 1,23,000. ಒಂಬತ್ತು ವರ್ಷದ ಬಡ್ಡಿ ಇರಲಿ, ಹಾಕಿದ್ದೇ ಪೂರ್ತಿ ಮರಳುವುದಿಲ್ಲ. ಸಂಬಳ ಏರಿದ್ದರೆ ಕೊನೆಯ ಸಂಬಳವನ್ನು ಹಿಡಿದು ಗುಣಿಸುವುದರಿಂದ ಚಿತ್ರ ಸ್ವಲ್ಪ ಮೇಲಾಗುತ್ತದೆ; ಗಾರ್ಮೆಂಟ್ಸ್‌ನಲ್ಲಿ ಸಂಬಳ ಎಷ್ಟು ಏರುತ್ತದೆ ಎಂಬುದು ಬೇರೆಯೇ ಮಾತು. ಇಷ್ಟನ್ನು ಪಡೆಯಲು ಅವಳು ಇನ್ನು ಮೇಲೆ ಮೂವತ್ತಾರು ತಿಂಗಳು ಕಾಯಬೇಕೆಂದು ಮಂಡಳಿ ನಿರ್ಧರಿಸಿದೆ.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿ ದುಡಿಯುವ ಕನ್ನಡಿಗನಿಗೆ ಈ ಹತ್ತು ವರ್ಷದ ಗೆರೆ ಪರಿಚಿತ. ಅವನ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇ. 6.2 ಹೋಗುತ್ತದೆ, ನಲವತ್ತು ತ್ರೈಮಾಸಿಕಗಳ ಲೆಕ್ಕ ತುಂಬದೆ ಮರಳಿದರೆ ಮುಪ್ಪಿನಲ್ಲಿ ಅದರಿಂದ ಏನೂ ದಕ್ಕುವುದಿಲ್ಲ. ಜರ್ಮನಿ, ಕೆನಡಾ, ಆಸ್ಟ್ರೇಲಿಯಗಳೊಂದಿಗೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದವಿದೆ, ಅಮೆರಿಕದೊಂದಿಗೆ ಇಲ್ಲ. ಇದು ಅನ್ಯಾಯವೆಂದು ಅನಿವಾಸಿಗಳು ಬಹುಕಾಲದಿಂದ ದೂರುತ್ತ ಬಂದಿದ್ದಾರೆ, ದೂರು ನ್ಯಾಯವಾದದ್ದೇ. ದುಡಿದ ಹಣವನ್ನು ಕಾಯುವಿಕೆಯ ಗೆರೆಯೊಂದರ ಆಚೆ ಇಟ್ಟು, ಆ ಗೆರೆಯನ್ನು ಮುಟ್ಟಲಾಗದವರ ಪಾಲನ್ನು ವ್ಯವಸ್ಥೆಯೇ ನುಂಗಿಕೊಳ್ಳುವುದು ತಪ್ಪು ಎಂಬ ಅದೇ ತತ್ವ ಪೀಣ್ಯದ ಹೆಲ್ಪರ್ ಹುಡುಗಿಯ ವಿಷಯದಲ್ಲಿ ‘ಆರ್ಥಿಕ ಶಿಸ್ತು’ ಆಗಿಬಿಡುವುದು ಹೇಗೆಂಬುದನ್ನು ಮಾತ್ರ ಅವರು ವಿವರಿಸಿಲ್ಲ.

ಶಿಸ್ತಿನ ಮಾತು ಮಾಲೀಕರಿಗೆ ಅನ್ವಯಿಸುವ ಬಗೆಯನ್ನೂ ನೋಡಬೇಕು. ನೌಕರಳ ಸಂಬಳದಿಂದ ಮುರಿದುಕೊಂಡ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧವೆಂದು ದಂಡಸಂಹಿತೆಯೇ ಹೇಳುತ್ತದೆ. ಬಾಕಿ ಉಳಿಸಿಕೊಂಡವರ ಮೇಲಿನ ದಂಡ, ವಿಳಂಬ ಹೆಚ್ಚಿದಂತೆ ವರ್ಷಕ್ಕೆ ಶೇ. 5ರಿಂದ ಶೇ. 25ರವರೆಗೆ ಏರುತ್ತಿತ್ತು. 2024ರ ಜೂನ್‌ನಲ್ಲಿ ಅದನ್ನು ತಿಂಗಳಿಗೆ ಶೇ. 1 ಎಂದು ಸಮಮಾಡಲಾಯಿತು. ಆರು ತಿಂಗಳಿಗಿಂತ ಹೆಚ್ಚು ಕಾಲ ಕಾರ್ಮಿಕರ ಹಣವನ್ನು ಇಟ್ಟುಕೊಂಡವನಿಗೆ ದಂಡ ಅರ್ಧಕ್ಕಿಂತ ಕೆಳಗಿಳಿಯಿತು. ತಪ್ಪಿಸಿಕೊಳ್ಳುವ ಇನ್ನೊಂದು ಹಳೆಯ ದಾರಿ, ಸಂಬಳವನ್ನು ಹತ್ತು ಭತ್ಯೆಗಳಾಗಿ ಒಡೆದು ಮೂಲ ವೇತನವನ್ನು ಕುಗ್ಗಿಸಿ ತೋರಿಸುವುದು. ಎಲ್ಲರಿಗೂ ಒಂದೇ ತೆರನಾಗಿ ಕೊಡುವ ಭತ್ಯೆ ವೇತನವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ ಹೇಳಬೇಕಾಯಿತು. ಇನ್ನು ಮಾಲೀಕ ಸರಿಯಾಗಿ ಕಟ್ಟಿದ್ದರೂ ಹಣ ಕೈ ಸೇರುತ್ತದೆಂಬ ಭರವಸೆಯಿಲ್ಲ. ಲಕ್ಷ್ಮಮ್ಮನ ‘ಕ್ಷ’ವನ್ನು ಆಧಾರ್‌ನಲ್ಲಿ ಕೆ-ಎಸ್-ಎಚ್ ಎಂದು, ಕಾರ್ಖಾನೆಯ ದಾಖಲೆಯಲ್ಲಿ ಎಕ್ಸ್ ಎಂದು ಬರೆದಿದ್ದರೆ ಅರ್ಜಿ ತಿರಸ್ಕೃತ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇದ್ದರೂ ತಿರಸ್ಕೃತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಒಂದು ದಿನದ ಕೂಲಿ ಕಳೆದುಕೊಂಡು ಸೈಬರ್ ಸೆಂಟರಿನವನಿಗೆ ದುಡ್ಡು ತೆತ್ತು, ತಿದ್ದುಪಡಿಗೆ ಸಹಿ ಬೇಕೆಂದು ಅವಳು ಮತ್ತೆ ತಾನು ಬಿಟ್ಟುಬಂದ ಕಾರ್ಖಾನೆಯ ಗೇಟಿಗೇ ಹೋಗಬೇಕಾಗಿ ಬರುವುದುಂಟು.

ಬೀಗದ ಹಿಂದೆ ಉಳಿದ ಹಣ ಸುಮ್ಮನೆ ಮಲಗಿರುವುದಿಲ್ಲ. ಅದರ ದೊಡ್ಡ ಭಾಗ ಸರ್ಕಾರದ ಸಾಲಪತ್ರಗಳಲ್ಲಿದೆ. 2015ರ ಆಗಸ್ಟ್‌ನಿಂದ ಷೇರುಪೇಟೆಯ ಇಟಿಎಫ್‌ಗಳಿಗೂ ಅದು ಹರಿಯುತ್ತಿದೆ. ಹೊಸ ಹೂಡಿಕೆಯ ಶೇ. 5ರಿಂದ ಶುರುವಾದದ್ದು ಎರಡೇ ವರ್ಷದಲ್ಲಿ ಶೇ. 15ಕ್ಕೆ ಏರಿತು. ಸಾರ್ವಜನಿಕ ಉದ್ದಿಮೆಗಳ ಷೇರು ಮಾರಲೆಂದು ಸರ್ಕಾರವೇ ರೂಪಿಸಿದ ಸಿಪಿಎಸ್‌ಇ, ಭಾರತ್-22 ಇಟಿಎಫ್‌ಗಳಲ್ಲೂ ಆ ಹಣವಿದೆ. ಸರ್ಕಾರ ಮಾರುತ್ತದೆ, ಕೊಳ್ಳುವ ಹಣ ಕಾರ್ಮಿಕರದು. ಖಾತೆಗಳಿಂದ ಹಣ ಬೇಗ ಹೊರಹೋಗದಿರಲಿ ಎಂಬ ಕಾಳಜಿಯ ಮೂಲವನ್ನು ಲಕ್ಷ್ಮಮ್ಮನ ಮುಪ್ಪಿನಲ್ಲಿ ಮಾತ್ರ ಹುಡುಕಿದರೆ ಸಾಲದು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಭವಿಷ್ಯ ನಿಧಿಯ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಅದರ ಅಡಿಯಲ್ಲಿ ಯೋಜನೆಗಳನ್ನು ಹೊಸದಾಗಿ ಬರೆಯಬೇಕಾಗಿದೆ. ಹಾಗೆ ಬರೆಯುವವರು 69ನೇ ಪರಿಚ್ಛೇದದ ಆ ಹಳೆಯ ಸಾಲಿನ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಬೇಕು: ಯಾವುದೇ ಕಾರಣದಿಂದ ಕೆಲಸದ ಸಂಬಂಧ ಕಡಿದುಹೋದ ಸದಸ್ಯೆಗೆ, ದೇಶ ಬಿಡುವ ಸದಸ್ಯನಿಗೆ ಇರುವ ಹಕ್ಕೇ ಇರತಕ್ಕದ್ದು, ಮಾಲೀಕ ಕೊಟ್ಟ ಕಾರಣಪತ್ರಕ್ಕೆ ಇದರಲ್ಲಿ ಪಾತ್ರವಿರಕೂಡದು. ಮುಪ್ಪಿನ ಬಗ್ಗೆ ನಿಜಕ್ಕೂ ಚಿಂತೆಯಿರುವ ಸರ್ಕಾರ ಅದರ ಜೊತೆಗೇ ಕನಿಷ್ಠ ಪಿಂಚಣಿಯನ್ನು ಏರಿಸಿ ತುಟ್ಟಿಭತ್ಯೆಗೆ ಜೋಡಿಸಲಿ, ನಿರುದ್ಯೋಗ ವಿಮೆಗೆ ಮಾಲೀಕರಿಂದ ಪ್ರತ್ಯೇಕ ವಂತಿಗೆ ಪಡೆಯಲಿ.

ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ, ಗಲ್ಫ್ ದೇಶಗಳಲ್ಲಿ ಕನ್ನಡ ಸಂಘಗಳಿವೆ. ಭಾರತದ ಸಚಿವರು ಬಂದಾಗ ಹಾರ ಹಾಕಿ, ಫೋಟೋ ತೆಗೆಸಿಕೊಂಡು, ಮನವಿ ಪತ್ರವೊಂದನ್ನು ಕೈಗಿಡುವುದು ಅಲ್ಲಿನ ರೂಢಿ. ಆ ಪತ್ರದಲ್ಲಿ ಎರಡೆರಡು ದೇಶಕ್ಕೆ ವಂತಿಗೆ ಕಟ್ಟುವ ಕಷ್ಟ ಇರುತ್ತದೆ, ಎನ್‌ಆರ್‌ಐ ಠೇವಣಿಯ ತೆರಿಗೆ ಇರುತ್ತದೆ, ಬೆಂಗಳೂರಿಗೆ ನೇರ ವಿಮಾನ ಬೇಕೆಂಬ ಬೇಡಿಕೆ ಇರುತ್ತದೆ. ಗಾರ್ಮೆಂಟ್ಸ್‌ನ ಹೆಂಗಸರ ಭವಿಷ್ಯ ನಿಧಿಗೆ ಅದರಲ್ಲಿ ಒಂದು ಪುಟ ಮೀಸಲಿಡಬಹುದು. ಮುಂದಿನ ಸಚಿವರು ಬರುವ ಮುನ್ನ ಅದನ್ನು ಯಾರಾದರೂ ಬರೆದಿಟ್ಟಿರಲಿ.